ಬೀದಿದೀಪ ಬೆಳ್ಳಗಾದಾಗ

ಮುಂಬೈಗೆ ಹೋದವರು ರಾತ್ರಿ ಹೊತ್ತು ಮರೀನ್ ಡ್ರೈವ್ ನೋಡದೆ ವಾಪಸ್ ಬರುವುದು ಕಡಿಮೆ. ಅಲ್ಲಿ ನೆಲೆಸಿರುವ ನಮ್ಮ ಕನ್ನಡದವರೂ ಊರಿಂದ ಬಂದ ನೆಂಟರನ್ನು ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ. ಸುಮಾರು ಮೂರೂವರೆ ಕಿಲೋಮೀಟರ್ ಉದ್ದಕ್ಕೆ ಬಾಗಿಕೊಂಡ ಕಡಲ ದಂಡೆ, ದಂಡೆಯುದ್ದಕ್ಕೂ ದೀಪದ ಸಾಲು. ಮಲಬಾರ್ ಹಿಲ್ ಮೇಲೆ ನಿಂತು ನೋಡಿದರೆ ಆ ಸಾಲು ಹೊಂಬಣ್ಣದಲ್ಲಿ ಹೊಳೆಯುತ್ತದೆ. ಅದಕ್ಕೇ ಜನ ಅದನ್ನು ರಾಣಿಯ ಕಂಠೀಹಾರ, ‘ಕ್ವೀನ್ಸ್ ನೆಕ್ಲೇಸ್’ ಅಂತ ಕರೆದರು. 2015ರ ಆರಂಭದಲ್ಲಿ ಈ ಹಾರದ ಚಿನ್ನ ಇದ್ದಕ್ಕಿದ್ದಂತೆ ಬೆಳ್ಳಿಯಾಯಿತು. ಹಳದಿ ಸೋಡಿಯಂ ದೀಪಗಳನ್ನು ಇಳಿಸಿ, ಬಿಳಿ ಎಲ್‌ಇಡಿ ದೀಪಗಳನ್ನು ಏರಿಸಿದ್ದರು.

ಗದ್ದಲ ಶುರುವಾಯಿತು. ಆಗ ನಗರಪಾಲಿಕೆಯಲ್ಲಿ ಅಧಿಕಾರದಲ್ಲಿದ್ದ ಶಿವಸೇನೆಯ ಆದಿತ್ಯ ಠಾಕ್ರೆ ಬಹಿರಂಗವಾಗಿ ಆಕ್ಷೇಪಿಸಿದರು. ಕೇಂದ್ರದ ಇಂಧನ ಸಚಿವರಾಗಿದ್ದ ಪೀಯೂಷ್ ಗೋಯಲ್ ವಿದ್ಯುತ್ ಉಳಿತಾಯದ ಲೆಕ್ಕ ಮುಂದಿಟ್ಟು ಸಮರ್ಥಿಸಿಕೊಂಡರು. ವಿಷಯ ಬಾಂಬೆ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಕೊನೆಗೆ ಅಲ್ಲಿ ಹಳದಿ ಛಾಯೆಯ ದೀಪಗಳೇ ಮರಳಿದವು.

ಇದನ್ನು ರಾಜಕೀಯದ ಜಗಳ ಅಂತ ತಳ್ಳಿಹಾಕಬಹುದು. ‘ಊರಿಗೆ ಕರೆಂಟು ಉಳಿದರೆ ಸಾಕು, ಬಣ್ಣ ಯಾವುದಾದರೇನು’ ಅಂತ ಆಗ ಹೇಳಿದವರೂ ಬಹಳ ಮಂದಿ. ನಾನು ಆ ಮಾತನ್ನು ಒಪ್ಪುವುದಿಲ್ಲ. ಮರೀನ್ ಡ್ರೈವಿನವರಿಗೆ ದನಿ ಇತ್ತು, ಹೆಸರಾದ ಬೀದಿ ಇತ್ತು, ಕೋರ್ಟು ಹತ್ತಿರವಿತ್ತು. ಅದೇ ಬದಲಾವಣೆ ನಮ್ಮ ಎರಡನೇ ಕ್ರಾಸು, ಮೂರನೇ ಮೇನುಗಳಲ್ಲಿ ಸದ್ದಿಲ್ಲದೆ ಆಗಿಹೋಯಿತು. ಲಾರಿಯೊಂದು ಬಂತು, ಏಣಿ ಏರಿತು, ಹಳೆಯ ದೀಪ ಇಳಿಯಿತು. ಆ ರಾತ್ರಿಯಿಂದ ಮನೆ ಎದುರಿನ ಬೆಳಕೇ ಬೇರೆ. ಬೇಕೋ ಬೇಡವೋ, ಎಂಥದು ಬೇಕು ಅಂತ ಯಾರೂ ಯಾರನ್ನೂ ಕೇಳಲಿಲ್ಲ. ಜನರ ದೂರುಗಳ ಬುಡದಲ್ಲಿ ಇರುವುದು ಇದೇ ಅಂತ ನನಗೆ ಅನ್ನಿಸುತ್ತದೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಾನು ಎಲ್‌ಇಡಿಯ ವಿರೋಧಿಯಲ್ಲ. 250 ವಾಟಿನ ಸೋಡಿಯಂ ದೀಪ ಮಾಡುತ್ತಿದ್ದ ಕೆಲಸವನ್ನು ಅದರ ಅರ್ಧದಷ್ಟು ವಿದ್ಯುತ್ತಿನಲ್ಲಿ ಮಾಡುವ ದೀಪ ಬಂದಿದೆ ಅಂದರೆ ಬೇಡ ಅನ್ನುವವರು ಯಾರು? ಸೋಡಿಯಂ ದೀಪಕ್ಕೆ ಹೊತ್ತಿಕೊಳ್ಳುವುದಕ್ಕೇ ಕೆಲವು ನಿಮಿಷ ಬೇಕು, ಕರೆಂಟು ಹೋಗಿ ಬಂದರೆ ಅದು ತಣ್ಣಗಾಗುವ ತನಕ ಕಾಯಬೇಕು. ಅದರ ಬೆಳಕಿನಲ್ಲಿ ಕೆಂಪು ಕಾರು ಯಾವುದು, ಕಂದು ಕಾರು ಯಾವುದು ತಿಳಿಯುವುದಿಲ್ಲ. ಎಲ್‌ಇಡಿಗೆ ಈ ತೊಂದರೆಗಳಿಲ್ಲ. ಬೆಳಕನ್ನು ಹೆಚ್ಚು ಕಡಿಮೆ ಮಾಡುವುದೂ ಸುಲಭ. ಪುರಸಭೆ, ನಗರಸಭೆಗಳ ವೆಚ್ಚದಲ್ಲಿ ಬೀದಿದೀಪದ ವಿದ್ಯುತ್ ಬಿಲ್ಲು ದೊಡ್ಡ ಬಾಬತ್ತು. 2015ರ ಜನವರಿ 5ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮವನ್ನು ಶುರುಮಾಡಿದಾಗ ಊರೂರುಗಳು ಅದರ ಕಡೆ ಓಡಿದ್ದು ಇದಕ್ಕೇ. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಹುದ್‌ಹುದ್ ಚಂಡಮಾರುತಕ್ಕೆ ಸಿಕ್ಕು ಕತ್ತಲಾಗಿದ್ದ ವಿಶಾಖಪಟ್ಟಣ ಮೊದಮೊದಲಿಗೆ ಇಡೀ ನಗರಕ್ಕೆ ಎಲ್‌ಇಡಿ ಹಾಕಿಸಿಕೊಂಡ ಊರುಗಳಲ್ಲಿ ಒಂದು. ಅದಾದ ಮೇಲೆ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಬೀದಿದೀಪಗಳು ಬದಲಾಗಿವೆ.

ಹಾಗಾದರೆ ತಕರಾರು ಯಾವುದರ ಬಗ್ಗೆ?

ಬಿಳಿ ಎಲ್‌ಇಡಿ ಹುಟ್ಟಿದ ಬಗೆಯಲ್ಲೇ ಇದರ ಉತ್ತರ ಇದೆ. ಆ ದೀಪದ ಒಳಗಿರುವುದು ಬಿಳಿ ಬೆಳಕಲ್ಲ, ನೀಲಿ. ನೀಲಿ ಎಲ್‌ಇಡಿಯನ್ನು ಸಾಧಿಸಿದ್ದಕ್ಕೆ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆ ನೀಲಿಯ ಮೇಲೆ ಫಾಸ್ಫರ್ ಎಂಬ ವಸ್ತುವಿನ ಹಳದಿ ಲೇಪ ಬಳಿದರೆ ಒಂದಷ್ಟು ನೀಲಿ ಹಳದಿಯಾಗಿ ಮಾರ್ಪಟ್ಟು, ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಲೇಪ ತೆಳುವಾಗಿದ್ದರೆ ಬೆಳಕು ನೀಲಿ ಬೆರೆತ ಬಿಳಿ, ದಪ್ಪವಾಗಿದ್ದರೆ ಹಳದಿ ಬೆರೆತ ಬಿಳಿ. ಲೇಪ ದಪ್ಪವಾದಷ್ಟೂ ಒಂದಿಷ್ಟು ಬೆಳಕು ನಷ್ಟವಾಗುತ್ತದೆ. ಹಾಗಾಗಿ ಆರಂಭದ ವರ್ಷಗಳಲ್ಲಿ ಒಂದು ವಾಟಿಗೆ ಹೆಚ್ಚು ಬೆಳಕು ಕೊಡುತ್ತಿದ್ದುದು ತಣ್ಣನೆಯ, ನೀಲಿ ಹೆಚ್ಚಿರುವ ದೀಪ. ಅಗ್ಗವೂ ಅದೇ. ಟೆಂಡರು ಗೆದ್ದದ್ದೂ ಅದೇ.

ಈ ಲೇಪ ಕೈಕೊಟ್ಟರೆ ಏನಾಗುತ್ತದೆ ಅನ್ನುವುದನ್ನು ಅಮೆರಿಕದ ಹಲವು ಊರುಗಳು ಇತ್ತೀಚೆಗೆ ನೋಡಿದವು. ಬೆಳ್ಳಗಿದ್ದ ಬೀದಿದೀಪಗಳು ಒಂದೊಂದಾಗಿ ನೇರಳೆ ಬಣ್ಣಕ್ಕೆ ತಿರುಗಿದವು. ಯಾವುದೋ ಹಬ್ಬಕ್ಕೆ ಹಾಕಿದ ಅಲಂಕಾರ ಅಂತ ಜನ ಮೊದಲು ಅಂದುಕೊಂಡರಂತೆ. ನೋಡಿದರೆ, ಫಾಸ್ಫರ್ ಪದರ ಎದ್ದುಬಂದು ಒಳಗಿನ ನೀಲಿ ಬಯಲಿಗೆ ಬಿದ್ದಿತ್ತು.

ಬೆಳಕಿನ ಈ ಛಾಯೆಯನ್ನು ಅಳೆಯುವುದು ಕೆಲ್ವಿನ್ ಎಂಬ ಮಾನದಲ್ಲಿ. ಮೇಣದ ಬತ್ತಿಯದು ಸುಮಾರು 1,900 ಕೆಲ್ವಿನ್. ಹಳೆಯ ಸೋಡಿಯಂ ದೀಪದ್ದು 2,000ದ ಆಸುಪಾಸು. ಮನೆಯಲ್ಲಿ ಉರಿಯುತ್ತಿದ್ದ ಹಳೆಯ ಬಲ್ಬಿನದು 2,700. ಹಗಲಿನ ಬೆಳಕು 5,500ರಿಂದ ಮೇಲಕ್ಕೆ. ನಮ್ಮ ಬೀದಿಗಳಿಗೆ ಬಂದ ಎಲ್‌ಇಡಿಗಳಲ್ಲಿ ಹೆಚ್ಚಿನವು ಐದರಿಂದ ಆರು ಸಾವಿರ ಕೆಲ್ವಿನ್ನಿನವು. ಅಂದರೆ ರಾತ್ರಿ ಹತ್ತು ಗಂಟೆಗೆ ನಮ್ಮ ಕಿಟಕಿಯ ಹೊರಗೆ ಮಟಮಟ ಮಧ್ಯಾಹ್ನದ ಬಣ್ಣ.

ಈಗ ಇನ್ನೊಂದು ಊರಿನ ಕಥೆ ಹೇಳಬೇಕು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಪಕ್ಕದಲ್ಲಿ ಡೇವಿಸ್ ಅಂತ ಒಂದು ಪುಟ್ಟ ನಗರವಿದೆ. ವಿಶ್ವವಿದ್ಯಾಲಯದ ಊರು, ಸೈಕಲ್ಲಿನ ಊರು. ಅಮೆರಿಕದಲ್ಲಿ ರಸ್ತೆಯ ಮೇಲೆ ಸೈಕಲ್ಲಿಗೆ ಪ್ರತ್ಯೇಕ ಪಥ ಎಳೆದ ಮೊದಲಿಗರು ಅವರೇ, 1967ರಲ್ಲಿ. ಬೆಳಕಿನ ತಂತ್ರಜ್ಞಾನದ ಮೇಲೆಯೇ ಸಂಶೋಧನೆ ಮಾಡುವ ಕೇಂದ್ರವೂ ಅಲ್ಲಿನ ವಿಶ್ವವಿದ್ಯಾಲಯದಲ್ಲಿದೆ. ಇಂಥ ಊರಿನಲ್ಲೇ 2014ರಲ್ಲಿ ಹೊಸ ಎಲ್‌ಇಡಿ ದೀಪಗಳನ್ನು ಹಾಕಲು ಶುರುಮಾಡಿದಾಗ ಜನ ತಿರುಗಿಬಿದ್ದರು. ಕಣ್ಣು ಕುಕ್ಕುತ್ತದೆ, ಮಲಗುವ ಕೋಣೆಗೆ ಬೆಳಕು ನುಗ್ಗುತ್ತದೆ, ಬೀದಿ ಜೈಲಿನ ಅಂಗಳದಂತೆ ಕಾಣುತ್ತದೆ ಅನ್ನುವ ಬಗೆಯ ದೂರುಗಳು. ನಗರಾಡಳಿತ ಹಟ ಹಿಡಿಯಲಿಲ್ಲ. ಕೆಲಸ ನಿಲ್ಲಿಸಿ ಜನರ ಮಾತು ಕೇಳಿತು. ಆ ಹೊತ್ತಿಗೆ ಏರಿದ್ದ ಸುಮಾರು 650 ದೀಪಗಳನ್ನು ಇಳಿಸಿ, ಮನೆಗಳಿರುವ ಬೀದಿಗಳಿಗೆ 2,700 ಕೆಲ್ವಿನ್ನಿನ, ಕಡಿಮೆ ಪ್ರಖರತೆಯ ದೀಪಗಳನ್ನು ಹಾಕಿಸಿತು. ಇದಕ್ಕೆ ತಗುಲಿದ ಖರ್ಚು ಸುಮಾರು ಮೂರೂವರೆ ಲಕ್ಷ ಡಾಲರು.

ಗಮನಿಸಿ, ಡೇವಿಸ್ ಮತ್ತೆ ಸೋಡಿಯಂಗೆ ಹೋಗಲಿಲ್ಲ. ಬದಲಿ ದೀಪವೂ ಎಲ್‌ಇಡಿಯೇ. ವಿದ್ಯುತ್ ಉಳಿತಾಯವೂ ಉಳಿಯಿತು. ಮೊದಲೇ ನಾಲ್ಕು ಬೀದಿಗಳಲ್ಲಿ ನಾಲ್ಕು ಬಗೆಯ ದೀಪ ಹಾಕಿ, ‘ನೋಡಿ ಹೇಳಿ’ ಅಂತ ಜನರನ್ನು ಕೇಳಿದ್ದರೆ ಆ ಮೂರೂವರೆ ಲಕ್ಷ ಡಾಲರೂ ಉಳಿಯುತ್ತಿತ್ತು.

ಕಣ್ಣು ಕುಕ್ಕುವುದು ಬರೀ ಗೊಣಗಾಟವಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಮಬ್ಬಾಗುತ್ತ ಹೋಗುತ್ತದೆ, ಒಳಗೆ ಬಂದ ಬೆಳಕು ಅಲ್ಲೇ ಚದುರುತ್ತದೆ. ಅರವತ್ತು ದಾಟಿದವರಿಗೆ, ಪೊರೆ ಬರುತ್ತಿರುವವರಿಗೆ ಬರಿಗಾಜಿನ ಎಲ್‌ಇಡಿ ಎದುರಿಗಿದ್ದರೆ ದೀಪ ಕಾಣುತ್ತದೆಯೇ ಹೊರತು ಅದರ ಕೆಳಗಿನ ಹೊಂಡ ಕಾಣುವುದಿಲ್ಲ. ಹಳೆಯ ದೀಪದಲ್ಲಿ ಬೆಳಕು ಹೊರಡುವ ಜಾಗ ದೊಡ್ಡದು, ಮೃದು. ಎಲ್‌ಇಡಿಯಲ್ಲಿ ಸಾಸಿವೆ ಗಾತ್ರದ ಚುಕ್ಕಿಗಳಿಂದ ಎಲ್ಲ ಬೆಳಕೂ ಹೊಮ್ಮಬೇಕು. ಅದಕ್ಕೆ ಮರೆ ಬೇಕೇ ಬೇಕು. ಹಿಂದೆ ನಮ್ಮ ಅಜ್ಜಿಯರು ರಾತ್ರಿ ಕೊಟ್ಟಿಗೆಗೆ ಬುಡ್ಡಿದೀಪ ಹಿಡಿದು ಹೋಗುವಾಗ ದೀಪಕ್ಕೂ ತಮ್ಮ ಕಣ್ಣಿಗೂ ನಡುವೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಬೆಳಕು ನೆಲಕ್ಕೆ ಬೀಳಬೇಕು, ಕಣ್ಣಿಗಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಬೀದಿದೀಪಕ್ಕೆ ಬೇಕಾದದ್ದೂ ಅಂಥ ಅಂಗೈಯೇ. ತಗಡಿನ ಒಂದು ಮರೆ, ದೀಪವನ್ನು ನೆಲಕ್ಕೆ ಸಮವಾಗಿ ಕೂರಿಸುವ ಒಂದು ತೋಳು. ನಮ್ಮಲ್ಲಿ ಎಷ್ಟೋ ಕಡೆ ಹಳೆಯ ತೋಳಿಗೇ ಹೊಸ ದೀಪ ಸಿಕ್ಕಿಸಿ, ಮುಖ ಮೇಲೆತ್ತಿ ಬಿಟ್ಟಿರುತ್ತಾರೆ. ಅರ್ಧ ಬೆಳಕು ಎದುರು ಮನೆಯ ಎರಡನೇ ಮಹಡಿಗೆ.

ನಿದ್ದೆಯ ವಿಚಾರ ಸ್ವಲ್ಪ ಎಚ್ಚರದಿಂದ ಹೇಳಬೇಕಾದದ್ದು. ನಮ್ಮ ಕಣ್ಣಿನಲ್ಲಿ ನೋಡುವುದಕ್ಕೆ ಅಂತ ಇರುವ ಕೋಶಗಳಲ್ಲದೆ ಇನ್ನೊಂದು ಬಗೆಯ ಕೋಶಗಳಿವೆ ಅನ್ನುವುದು ಖಚಿತವಾದದ್ದು ಈ ಶತಮಾನದ ಆರಂಭದಲ್ಲಿ. ಅವುಗಳ ಕೆಲಸ ಚಿತ್ರ ಕಾಣಿಸುವುದಲ್ಲ. ಈಗ ಹಗಲೋ ರಾತ್ರಿಯೋ ಅಂತ ಮಿದುಳಿಗೆ ವರದಿ ಮಾಡುವುದು. ಅವು ಅತಿ ಹೆಚ್ಚು ಸ್ಪಂದಿಸುವುದು ನೀಲಿ ಬೆಳಕಿಗೆ. ರಾತ್ರಿ ನೀಲಿ ಬೆಳಕು ಬಿದ್ದರೆ ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಸ್ರವಿಸುವುದು ತಗ್ಗುತ್ತದೆ. 2016ರ ಜೂನಿನಲ್ಲಿ ಅಮೆರಿಕದ ವೈದ್ಯರ ಸಂಘ ಈ ಆಧಾರದ ಮೇಲೆಯೇ ನಗರಗಳಿಗೆ ಸಲಹೆ ಕೊಟ್ಟಿತು: ಬೀದಿದೀಪ 3,000 ಕೆಲ್ವಿನ್ ಮೀರದಿರಲಿ, ಮರೆ ಇರಲಿ, ಜನಸಂಚಾರ ಕಡಿಮೆಯಾದಾಗ ಬೆಳಕು ತಗ್ಗಲಿ. ಬೆಳಕಿನ ಎಂಜಿನಿಯರುಗಳ ಸಂಘ ಇದಕ್ಕೆ ತಕರಾರು ಎತ್ತಿತು. ಬರೀ ಕೆಲ್ವಿನ್ ಸಂಖ್ಯೆ ಹಿಡಿದು ಆರೋಗ್ಯದ ತೀರ್ಪು ಕೊಡಲಾಗದು, ಎಷ್ಟು ಬೆಳಕು, ಎಷ್ಟು ಹೊತ್ತು ಅನ್ನುವುದೂ ಮುಖ್ಯ ಅಂದಿತು.

ನನಗೆ ಎರಡೂ ಕಡೆಯ ಮಾತಿನಲ್ಲಿ ಹುರುಳು ಕಾಣುತ್ತದೆ. ರಾತ್ರಿ ಹನ್ನೆರಡರ ತನಕ ಹಾಸಿಗೆಯಲ್ಲಿ ಮೊಬೈಲ್ ನೋಡುತ್ತ, ನಿದ್ದೆಗೆಟ್ಟದ್ದಕ್ಕೆ ಬೀದಿದೀಪವನ್ನು ಬೈಯುವುದು ನ್ಯಾಯವಲ್ಲ. ಅದೇ ವೇಳೆ, ಕಿಟಕಿಯಿಂದ ಹತ್ತಡಿ ದೂರದ ಕಂಬದಿಂದ ರಾತ್ರಿಯಿಡೀ ಮುಖದ ಮೇಲೆ ಬೆಳಕು ಬೀಳುವವರಿಗೆ ‘ಪರದೆ ಎಳೆದುಕೊಳ್ಳಿ’ ಅನ್ನುವುದೂ ಉತ್ತರವಲ್ಲ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಕಿಟಕಿ ತೆಗೆದಿಟ್ಟು ಮಲಗುವ ನಾಡು ನಮ್ಮದು. ವರ್ಷಪೂರ್ತಿ ಕಿಟಕಿ ಮುಚ್ಚಿ ಮಲಗುವ ಊರಿನ ಸಲಹೆ ಇಲ್ಲಿಗೆ ಹೊಂದುವುದಿಲ್ಲ.

ಇನ್ನು ಭದ್ರತೆ. ದೀಪ ತಗ್ಗಿಸಿ ಅಂದ ತಕ್ಷಣ ಎದುರಾಗುವ ಪ್ರಶ್ನೆ ಇದು, ಅದರಲ್ಲೂ ಹೆಣ್ಣುಮಕ್ಕಳಿಂದ. ರಾತ್ರಿ ಪಾಳಿ ಮುಗಿಸಿ ಬಸ್ಸಿಳಿದು ಮನೆಗೆ ನಡೆಯುವ ಹುಡುಗಿಗೆ ಕತ್ತಲೆಯ ಸೌಂದರ್ಯದ ಬಗ್ಗೆ ಉಪನ್ಯಾಸ ಕೊಡುವ ಧೈರ್ಯ ನನಗಿಲ್ಲ. ನ್ಯೂಯಾರ್ಕಿನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ 2016ರಲ್ಲಿ ಒಂದು ಪ್ರಯೋಗ ಮಾಡಿದರು. ಹೆಚ್ಚುವರಿ ದೀಪಸ್ತಂಭ ನಿಲ್ಲಿಸಿದ ಕಡೆ ರಾತ್ರಿ ಹೊರಾಂಗಣದಲ್ಲಿ ನಡೆಯುವ ಗಂಭೀರ ಅಪರಾಧಗಳು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತಗ್ಗಿದವು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 62 ಸ್ಥಳೀಯ ಸಂಸ್ಥೆಗಳ ದಾಖಲೆ ಜಾಲಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳಿತು: ಬೀದಿದೀಪ ತಗ್ಗಿಸಿದ್ದರಿಂದ, ಕೆಲವು ಹೊತ್ತು ಆರಿಸಿದ್ದರಿಂದ ಅಪರಾಧವಾಗಲಿ ಅಪಘಾತವಾಗಲಿ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಒಂದಂತೂ ಸರಿ ಅನ್ನಿಸುತ್ತದೆ. ಗಾಢ ಕತ್ತಲಿದ್ದ ಕಡೆ ಬೆಳಕು ತಂದರೆ ಪ್ರಯೋಜನ ಇದೆ. ಈಗಾಗಲೇ ಬೆಳಕಿರುವ ಕಡೆ ಇನ್ನಷ್ಟು ಸುರಿದರೆ ಅಷ್ಟೇ ಪ್ರಯೋಜನ ಸಿಗುತ್ತದೆ ಅನ್ನುವಂತಿಲ್ಲ. ಕಣ್ಣು ಕುಕ್ಕುವ ಒಂದು ದೀಪ, ಅದರಾಚೆಗೆ ಕಗ್ಗತ್ತಲೆಯ ಒಂದು ತುಂಡು, ಮತ್ತೆ ಒಂದು ದೀಪ. ಅಡಗಿ ನಿಲ್ಲುವವನಿಗೆ ಇದಕ್ಕಿಂತ ಅನುಕೂಲ ಬೇಕೆ?

ಬೆಂಗಳೂರಿಗೆ ಬರೋಣ. 1905ರ ಆಗಸ್ಟ್ 5ರಂದು, ಶಿವನಸಮುದ್ರದಿಂದ ಬಂದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಹೊತ್ತಿಕೊಂಡಿತು. ಏಷ್ಯಾದಲ್ಲೇ ಮೊದಲು ಅಂತ ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಶಾಂಘೈ, ಟೋಕಿಯೊಗಳಲ್ಲಿ 1882ರಲ್ಲೇ ವಿದ್ಯುತ್ ಬೀದಿದೀಪ ಉರಿದಿತ್ತು, ಅದು ಹಾಗಿರಲಿ. ನೂರು ವರ್ಷಕ್ಕೂ ಹೆಚ್ಚು ಕಾಲ ದೀಪ ಬೆಳಗಿಸಿದ ಅನುಭವವಿರುವ ಊರು ಇದು ಅನ್ನುವುದಂತೂ ನಿಜ. ಆದರೂ 2018-19ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಸುಮಾರು 4.85 ಲಕ್ಷ ದೀಪಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ಎಲ್‌ಇಡಿಗೆ ಬದಲಿಸಲು ಕೈಹಾಕಿ, ಕೆಲಸ ಸಾಗದೆ ಆ ಗುತ್ತಿಗೆ ರದ್ದಾಯಿತು. ಆಮೇಲೆ ಬಂದದ್ದು ತುಂಡು ತುಂಡಾದ ಕೆಲಸ. ಹಾಗಾಗಿ ಇವತ್ತಿಗೂ ಒಂದು ಬೀದಿ ಹಳದಿ, ಪಕ್ಕದ್ದು ಬಿಳಿ, ಅದರ ಪಕ್ಕದ್ದು ಕತ್ತಲೆ.

ಬೆಂಗಳೂರಿನವರ ದೂರು ಡೇವಿಸಿನವರ ದೂರಿಗಿಂತ ಬೇರೆ ಅನ್ನುವುದನ್ನೂ ಹೇಳಬೇಕು. ನಮ್ಮಲ್ಲಿ ಮೊದಲ ದೂರು ಬೆಳಕು ಹೆಚ್ಚಾಯಿತು ಅಂತ ಅಲ್ಲ. ದೀಪ ಉರಿಯುತ್ತಿಲ್ಲ ಅಂತ. ಎಲ್‌ಇಡಿಗೆ ಐವತ್ತು ಸಾವಿರ ಗಂಟೆ ಆಯುಸ್ಸು ಅನ್ನುತ್ತಾರೆ. ಆ ಆಯುಸ್ಸು ಬೆಳಕು ಹೊಮ್ಮಿಸುವ ಚಿಪ್‌ನದು. ಚಿಪ್‌ಗೆ ವಿದ್ಯುತ್ ಊಡುವ ಡ್ರೈವರ್ ಎಂಬ ಪುಟ್ಟ ಪೆಟ್ಟಿಗೆಗೆ ಅಷ್ಟು ಗಟ್ಟಿ ಜೀವ ಇಲ್ಲ. ಮುಂಗಾರಿನ ಸಿಡಿಲು, ವೋಲ್ಟೇಜಿನ ಏರಿಳಿತ, ಮೂಲೆಯಿಂದ ಇಳಿಯುವ ನೀರು, ಇವೆಲ್ಲ ಮೊದಲು ಹೊಡೆಯುವುದು ಅದನ್ನೇ. ಹಿಂದೆ ಲೈನ್‌ಮ್ಯಾನ್ ಬಂದು ಬಲ್ಬು ಬದಲಿಸಿ ಹೋಗುತ್ತಿದ್ದ. ಈಗ ಇಡೀ ದೀಪವನ್ನೇ ಇಳಿಸಬೇಕು, ಗುತ್ತಿಗೆದಾರರ ಬಳಿ ಅದೇ ಮಾದರಿಯ ದಾಸ್ತಾನು ಇರಬೇಕು. ‘ವಾರಂಟಿಯಲ್ಲಿದೆ, ನಾವು ಮುಟ್ಟುವಂತಿಲ್ಲ’ ಅನ್ನುವ ಉತ್ತರ ನಮ್ಮ ಬಡಾವಣೆಯಲ್ಲೂ ಕೇಳಿದ್ದೇನೆ. ನಿಮ್ಮಲ್ಲೂ ಕೇಳಿರುತ್ತೀರಿ.

ಎರಡನೆಯದು ಮರ. ಮಲ್ಲೇಶ್ವರ, ಜಯನಗರ, ಬಸವನಗುಡಿಯಂಥ ಕಡೆ ಕಂಬದ ತಲೆ ಮರದ ಕೊಂಬೆಗಳ ನಡುವೆ ಇರುತ್ತದೆ. ಸೋಡಿಯಂ ದೀಪ ಎಲ್ಲ ಕಡೆ ಚೆಲ್ಲುತ್ತಿದ್ದ ಬೆಳಕು ಎಲೆಗಳ ಸಂದಿಯಿಂದ ಹೇಗೋ ಕೆಳಗೆ ಸೋರುತ್ತಿತ್ತು. ಎಲ್‌ಇಡಿ ನೇರ ಕೆಳಕ್ಕೆ ಹೊಡೆಯುತ್ತದೆ. ಎಲೆಗಳು ಬೆಳಗುತ್ತವೆ, ಫುಟ್‌ಪಾತ್ ಕತ್ತಲೆಯಲ್ಲಿ ಉಳಿಯುತ್ತದೆ. ಇದಕ್ಕೆ ಪಾಲಿಕೆಗೆ ಹೊಳೆಯುವ ಪರಿಹಾರ ಒಂದೇ: ಕೊಂಬೆ ಕಡಿಯುವುದು. ಕಂಬವನ್ನು ತಗ್ಗಿಸಿ, ಮರದ ಕೆಳಗೆ ಸಣ್ಣ ವಾಟಿನ ದೀಪ ತರುವ ದಾರಿಯೂ ಇದೆ. ಅದಕ್ಕೆ ಬೀದಿಯನ್ನು ಯಾರಾದರೂ ಕಾಲಲ್ಲಿ ನಡೆದು ನೋಡಿರಬೇಕು, ಅಷ್ಟೇ.

ಮಾತಿಲ್ಲದ ನಿವಾಸಿಗಳ ವಿಷಯವನ್ನೂ ಬಿಡುವಂತಿಲ್ಲ. ದಕ್ಷಿಣ ಇಂಗ್ಲೆಂಡಿನಲ್ಲಿ ಮಾಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೀದಿದೀಪದ ಕೆಳಗಿನ ಪೊದೆಬೇಲಿಗಳಲ್ಲಿ ಪತಂಗದ ಕಂಬಳಿಹುಳುಗಳು ಕತ್ತಲೆಯ ಬೇಲಿಗಳಿಗಿಂತ ಶೇಕಡಾ 47ರಷ್ಟು ಕಡಿಮೆ ಇದ್ದವು. ಬಿಳಿ ಎಲ್‌ಇಡಿಯ ಕೆಳಗೆ ಸೋಡಿಯಂ ದೀಪದ ಕೆಳಗಿದ್ದುದಕ್ಕಿಂತಲೂ ಕಡಿಮೆ. ಹುಳ ಹೋದರೆ ಹೋಗಲಿ ಅನ್ನುವವರು, ಹಕ್ಕಿಯ ಮರಿಗೆ ತಾಯಿ ಏನು ತಂದು ಉಣಿಸುತ್ತದೆ ಅಂತ ಒಮ್ಮೆ ನೋಡಲಿ.

ನಕ್ಷತ್ರಗಳದ್ದೂ ಇದೇ ಪಾಡು. ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ, ಹಗಲಿನ ಆಕಾಶ ನೀಲಿಯಾಗಿ ಕಾಣುವುದೂ ಅದಕ್ಕೇ. ರಾತ್ರಿ ದೀಪದ ನೀಲಿಯೂ ಹಾಗೆಯೇ ಚದುರಿ ಆಕಾಶವನ್ನು ಬೆಳ್ಳಗೆ ಮಾಡುತ್ತದೆ. ಜಗತ್ತಿನ ಹಲವೆಡೆ ಸಾಮಾನ್ಯ ಜನರೇ 2011ರಿಂದ 2022ರ ತನಕ ಬರಿಗಣ್ಣಿನಿಂದ ನೋಡಿ ದಾಖಲಿಸಿದ ಐವತ್ತು ಸಾವಿರಕ್ಕೂ ಹೆಚ್ಚು ವೀಕ್ಷಣೆಗಳ ಪ್ರಕಾರ, ರಾತ್ರಿಯ ಆಕಾಶ ವರ್ಷಕ್ಕೆ ಸರಾಸರಿ ಶೇಕಡಾ ಹತ್ತರ ಹತ್ತಿರ ಬೆಳ್ಳಗಾಗುತ್ತಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಖಗೋಳವಿಜ್ಞಾನಿಗಳು ಲಡಾಖಿನ ಹಾನ್ಲೆಯಲ್ಲಿ, ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿ ದೂರದರ್ಶಕ ಇಟ್ಟು, ನಮ್ಮ ಹೊಸಕೋಟೆಯಲ್ಲಿ ಕುಳಿತು ಅದನ್ನು ನಡೆಸುತ್ತಾರೆ. 2022ರ ಡಿಸೆಂಬರಿನಲ್ಲಿ ಹಾನ್ಲೆ ಸುತ್ತಲಿನ ಪ್ರದೇಶವನ್ನು ಕತ್ತಲೆಯ ಆಕಾಶದ ಮೀಸಲು ಪ್ರದೇಶ ಅಂತ ಘೋಷಿಸಿದರು. ಅಲ್ಲಿನ ಹಳ್ಳಿಗರು ದೀಪಕ್ಕೆ ಮರೆ ಹಾಕುತ್ತಾರೆ, ಕಿಟಕಿಗೆ ದಪ್ಪ ಪರದೆ ಎಳೆಯುತ್ತಾರೆ. ಬೆಂಗಳೂರು ಹಾನ್ಲೆ ಆಗಬೇಕು ಅಂತ ಯಾರೂ ಕೇಳುತ್ತಿಲ್ಲ. ಆದರೆ ಆಕಾಶಕ್ಕೆ ಹೋಗುವ ಬೆಳಕಿಗೂ ನಾವೇ ಬಿಲ್ಲು ಕಟ್ಟುತ್ತಿದ್ದೇವಲ್ಲ, ಅದು ಯಾವ ಉಳಿತಾಯ?

ತಪ್ಪು ದೀಪದ್ದಲ್ಲ, ಟೆಂಡರಿನದು. ಎಲ್‌ಇಡಿಯ ಒಪ್ಪಂದಗಳಲ್ಲಿ ಬಹುಪಾಲು, ಉಳಿದ ವಿದ್ಯುತ್ತಿನ ಹಣದಲ್ಲೇ ಗುತ್ತಿಗೆದಾರರಿಗೆ ಕಂತು ಕಟ್ಟುವಂಥವು. ಆ ಲೆಕ್ಕದಲ್ಲಿ ವಾಟು ಬರುತ್ತದೆ, ಯೂನಿಟ್ಟು ಬರುತ್ತದೆ, ರೂಪಾಯಿ ಬರುತ್ತದೆ. ಬೆಳಕು ಎಲ್ಲಿ ಬಿತ್ತು, ಯಾರ ಕಣ್ಣಿಗೆ ಬಿತ್ತು, ನಡುರಾತ್ರಿ ಎರಡು ಗಂಟೆಗೆ ಯಾರಿಗೂ ಬೇಡವಾದ ಓಣಿಯಲ್ಲಿ ಪೂರ್ತಿ ಉರಿಯಬೇಕೆ ಅನ್ನುವ ಅಂಕಣಗಳು ಇಲ್ಲ. ಇರಬಹುದಿತ್ತು. ಆರಂಭದ ದಿನಗಳಂತೆ ಈಗ ಬೆಚ್ಚನೆಯ ಬಣ್ಣದ ಎಲ್‌ಇಡಿ ದುಬಾರಿಯಲ್ಲ. ಸಾಮರ್ಥ್ಯದ ಅಂತರವೂ ಬಹಳ ಕಿರಿದಾಗಿದೆ. ಅಮೆರಿಕದ ಫೀನಿಕ್ಸ್ ನಗರ ಜನರ ಅಭಿಪ್ರಾಯ ಕೇಳಿದ ಮೇಲೆ 2,700 ಕೆಲ್ವಿನ್ನಿನ ದೀಪವನ್ನೇ ಆರಿಸಿಕೊಂಡಿತು. ಕೆನಡಾದ ಮಾಂಟ್ರಿಯಲ್ 4,000ದಿಂದ 3,000ಕ್ಕೆ ಇಳಿಯಿತು.

ಆದ್ದರಿಂದ ಕೇಳುಗರಲ್ಲಿ ನನ್ನದೊಂದು ಮನವಿ. ನಿಮ್ಮ ವಾರ್ಡಿಗೆ, ನಿಮ್ಮ ಪಟ್ಟಣಕ್ಕೆ ಹೊಸ ಬೀದಿದೀಪ ಬರುತ್ತದೆ ಅಂತ ಗೊತ್ತಾದ ದಿನವೇ ವಾರ್ಡ್ ಸಭೆಗೆ ಹೋಗಿ, ಇಲ್ಲವೇ ಎಂಜಿನಿಯರರಿಗೆ ಒಂದು ಅರ್ಜಿ ಬರೆಯಿರಿ. ಮನೆಗಳಿರುವ ಬೀದಿಗೆ 3,000 ಕೆಲ್ವಿನ್ ಮೀರದ ದೀಪ ಕೊಡಿ ಅನ್ನಿ. ಕಿಟಕಿಗೆ ಬೆಳಕು ಬೀಳದಂತೆ ಮರೆ ಕೇಳಿ. ನಡುರಾತ್ರಿಯ ಮೇಲೆ ಬೆಳಕು ತಗ್ಗಿಸುವ ವ್ಯವಸ್ಥೆ ಇದೆಯೇ, ದೀಪ ಕೆಟ್ಟರೆ ಎಷ್ಟು ದಿನದೊಳಗೆ ಸರಿಪಡಿಸುತ್ತಾರೆ, ತಪ್ಪಿದರೆ ದಂಡ ಎಷ್ಟು ಅನ್ನುವುದನ್ನು ಒಪ್ಪಂದದಲ್ಲಿ ಬರೆಸಿ. ಇಡೀ ಬಡಾವಣೆಗೆ ಹಾಕುವ ಮುನ್ನ ಒಂದು ಬೀದಿಗೆ ಹಾಕಿ ತೋರಿಸಿ ಅಂತ ಒತ್ತಾಯ ಮಾಡಿ. ದೀಪ ಏರಿದ ಮೇಲೆ ಅದನ್ನು ಇಳಿಸುವ ಖರ್ಚು ಬಹಳ. ಏರುವ ಮುಂಚೆ ಕೇಳುವುದಕ್ಕೆ ಒಂದು ಹಾಳೆ ಸಾಕು.